ಏಜೆಂಟ್ ಹಾಕುವ ಮುನ್ನ

ತಮ್ಮ: ಅಕ್ಕ, ಆಫೀಸಿನಲ್ಲಿ ಹೊಸ ಕೆಲಸ ಒಂದು ನನ್ನ ತಲೆಗೆ ಬಂದಿದೆ. ನಮ್ಮ ಕುಬರ್ನೆಟೀಸ್ ಕ್ಲಸ್ಟರ್‌ಗಳಿಗೆಲ್ಲ ಮಾನಿಟರಿಂಗ್ ಏಜೆಂಟ್ ಹಾಕಬೇಕಂತೆ, ಶುಕ್ರವಾರದೊಳಗೆ. ಕಮಾಂಡ್ ನೋಡಿದೆ, ಎರಡೇ ಸಾಲು. ಹೆಲ್ಮ್‌ಗೆ ರೆಪೊ ಸೇರಿಸೋದು, ಇನ್‌ಸ್ಟಾಲ್ ಕೊಡೋದು. ಈಗಲೇ ಮಾಡಿಬಿಡಲಾ?

ಅಕ್ಕ: ಮಾಡೋದಕ್ಕೆ ಐದು ನಿಮಿಷ ಸಾಕು. ಆದರೆ ಎಂಟರ್ ಒತ್ತಿದ ಮೇಲೆ ನಿಮ್ಮ ಕ್ಲಸ್ಟರ್ ಒಳಗೆ ಏನೇನು ಹುಟ್ಟಿಕೊಳ್ಳುತ್ತೆ, ಅದನ್ನು ಮೊದಲು ಹೇಳು.

ತಮ್ಮ: ಒಂದು ಡೇಮನ್‌ಸೆಟ್. ಅಂದರೆ ಪ್ರತಿ ನೋಡ್‌ನಲ್ಲೂ ಏಜೆಂಟ್‌ನ ಒಂದೊಂದು ಪಾಡ್. ಪ್ರೊಡಕ್ಷನ್‌ನಲ್ಲಿ ನಲವತ್ತು ನೋಡ್ ಇವೆ, ಹಾಗಾಗಿ ನಲವತ್ತು ಪಾಡ್. ಅವು ಸಿಪಿಯು, ಮೆಮೊರಿ, ಲಾಗ್ ಎಲ್ಲ ಕಲೆಹಾಕಿ ಹೊರಗಿನ ಸರ್ವರ್‌ಗೆ ಕಳಿಸುತ್ತವೆ.

ಅಕ್ಕ: ಅದರ ಜೊತೆಗೆ ಒಂದು ಸರ್ವಿಸ್ ಅಕೌಂಟ್ ಬರುತ್ತೆ, ಅದಕ್ಕೆ ಇಡೀ ಕ್ಲಸ್ಟರ್ ಓದೋ ಅಧಿಕಾರ ಕೊಡೋ ಕ್ಲಸ್ಟರ್ ರೋಲ್ ಬರುತ್ತೆ, ನೋಡ್‌ನ ಡಿಸ್ಕಿನೊಳಕ್ಕೆ ಇಣುಕೋ ಮೌಂಟ್‌ಗಳು ಬರುತ್ತವೆ, ಹೊರಗೆ ಕಳಿಸೋದಕ್ಕೆ ಬೇಕಾದ ಕೀ ಒಂದು ಸೀಕ್ರೆಟ್ ಆಗಿ ಕೂರುತ್ತೆ. ಈಗ ಹೋಲಿಸಿ ನೋಡು. ನಿಮ್ಮ ಆಸ್ಪತ್ರೆ ಬುಕಿಂಗ್ ಆ್ಯಪ್ ಎಷ್ಟು ನೋಡ್‌ನಲ್ಲಿ ಓಡುತ್ತೆ?

ತಮ್ಮ: ಹತ್ತೋ ಹನ್ನೆರಡೋ.

ಅಕ್ಕ: ಅದಕ್ಕೆ ತನ್ನ ಡೇಟಾಬೇಸ್ ಬಿಟ್ಟು ಬೇರೆ ಯಾವುದರ ಮೇಲೂ ಅಧಿಕಾರ ಇಲ್ಲ. ಆದರೂ ಅದರಲ್ಲಿ ಒಂದು ಬಟನ್ ಬಣ್ಣ ಬದಲಾಯಿಸಬೇಕಾದರೆ ಕೋಡ್ ರಿವ್ಯೂ, ಸ್ಟೇಜಿಂಗ್, ಟೆಸ್ಟಿಂಗ್ ಟೀಮಿನ ಒಪ್ಪಿಗೆ ಎಲ್ಲ ಬೇಕು. ಏಜೆಂಟ್ ಎಲ್ಲ ನೋಡ್‌ನಲ್ಲೂ ಇರುತ್ತೆ, ಎಲ್ಲವನ್ನೂ ಓದುತ್ತೆ. ಅದನ್ನು ಮಾತ್ರ ಎರಡು ಸಾಲಲ್ಲಿ ಹಾಕಿಬಿಡ್ತೀವಿ, ಯಾಕಂದರೆ ಅದು ಬರೀ ನೋಡೋ ಸಾಧನ, ಏನನ್ನೂ ಮುಟ್ಟಲ್ಲ ಅನ್ನೋ ನಂಬಿಕೆ. ಆ ನಂಬಿಕೆ ಬಗ್ಗೆಯೇ ನನಗೆ ತಕರಾರು.

ತಮ್ಮ: ಓದೋದರಿಂದ ಏನು ಕೆಡುತ್ತೆ ಅಕ್ಕ?

ಅಕ್ಕ: 2024ರ ಡಿಸೆಂಬರ್ 11ರಂದು ಓಪನ್‌ಎಐ ಸೇವೆಗಳು ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಬಿದ್ದುಹೋಗಿದ್ದವು, ನೆನಪಿದೆಯಾ? ಚಾಟ್‌ಜಿಪಿಟಿ, ಅವರ ಎಪಿಐ, ಸೋರಾ, ಎಲ್ಲವೂ. ಅಲ್ಲಿ ಮಧ್ಯಾಹ್ನ ಮೂರೂಕಾಲು, ನಮಗೆ 12ನೇ ತಾರೀಖು ಬೆಳಗಿನ ಜಾವ ನಾಲ್ಕೂಮುಕ್ಕಾಲು. ಪೂರ್ತಿ ಸರಿಹೋಗುವಾಗ ನಮ್ಮಲ್ಲಿ ಒಂಬತ್ತು ಗಂಟೆ ದಾಟಿತ್ತು.

ತಮ್ಮ: ನೆನಪಿದೆ. ಯಾರೋ ದಾಳಿ ಮಾಡಿದ್ದಾರೆ ಅಂತ ಆಗ ಅಂದುಕೊಂಡಿದ್ದೆ.

ಅಕ್ಕ: ದಾಳಿ ಅಲ್ಲ, ಹೊಸ ಉತ್ಪನ್ನದ ಬಿಡುಗಡೆಯೂ ಅಲ್ಲ. ಆಮೇಲೆ ಅವರೇ ಕಾರಣ ಬರೆದು ಪ್ರಕಟಿಸಿದರು. ಕುಬರ್ನೆಟೀಸ್ ಕಂಟ್ರೋಲ್ ಪ್ಲೇನ್‌ನ ಮೆಟ್ರಿಕ್ಸ್ ಸಂಗ್ರಹಿಸೋದಕ್ಕೆ ಅಂತ ಹೊಸ ಟೆಲಿಮೆಟ್ರಿ ಸರ್ವಿಸ್ ಒಂದನ್ನು ಕ್ಲಸ್ಟರ್‌ಗಳಿಗೆ ಇಳಿಸಿದ್ದರು. ನಿನಗೆ ಕೊಟ್ಟಿರೋ ಕೆಲಸವೇ. ಅದರ ಕಾನ್ಫಿಗರೇಷನ್‌ನಲ್ಲಿ ಏನಿತ್ತು ಅಂದರೆ, ಪ್ರತಿ ನೋಡ್ ಕೂಡ ಕಂಟ್ರೋಲ್ ಪ್ಲೇನ್‌ನ ಎಪಿಐ ಸರ್ವರ್‌ಗೆ ಭಾರವಾದ ಪ್ರಶ್ನೆಗಳನ್ನು ಕೇಳುತ್ತಿತ್ತು. ಕ್ಲಸ್ಟರ್ ದೊಡ್ಡದಾದಷ್ಟೂ ಒಂದೊಂದು ಪ್ರಶ್ನೆಯ ಭಾರವೂ ಹೆಚ್ಚುತ್ತಿತ್ತು. ಸಾವಿರಾರು ನೋಡ್ ಒಟ್ಟಿಗೆ ಕೇಳಿದಾಗ ಎಪಿಐ ಸರ್ವರ್‌ಗಳು ಕುಸಿದವು.

ತಮ್ಮ: ಪ್ರಶ್ನೆ ಭಾರ ಆಗೋದು ಹೇಗೆ?

ಅಕ್ಕ: ಒಬ್ಬ ಬಸ್ ಕಂಡಕ್ಟರ್ ಇದ್ದಾನೆ ಅಂದುಕೋ. ತನ್ನ ಬಸ್ಸಿನಲ್ಲಿ ಎಷ್ಟು ಜನ ಇದ್ದಾರೆ ಅಂತ ತಿಳಿಯೋದಕ್ಕೆ, ಡಿಪೊಗೆ ಫೋನ್ ಮಾಡಿ ಊರಿನ ಎಲ್ಲ ಬಸ್ಸಿನ ಎಲ್ಲ ಪ್ರಯಾಣಿಕರ ಪಟ್ಟಿ ತರಿಸಿಕೊಂಡು, ಅದರಲ್ಲಿ ತನ್ನ ಬಸ್ಸಿನವರನ್ನು ಹುಡುಕುತ್ತಾನೆ. ಎಲ್ಲ ಕಂಡಕ್ಟರ್‌ಗಳೂ ಅದನ್ನೇ ಮಾಡಿದರೆ ಡಿಪೊ ಏನಾಗಬೇಕು? ಅವರ ಪೂರ್ತಿ ಕಾನ್ಫಿಗರೇಷನ್ ನಾವು ನೋಡಿಲ್ಲ, ಆದರೆ ಈ ಜಾತಿಯ ತೊಂದರೆಯ ಲೆಕ್ಕ ನಾವೇ ಹಾಕಬಹುದು. ಹತ್ತು ನೋಡ್, ನೋಡ್‌ಗೆ ಮೂವತ್ತು ಪಾಡ್ ಅಂತ ಹಿಡಿ. ಒಟ್ಟು 300 ಪಾಡ್. ಪ್ರತಿ ಏಜೆಂಟ್ ಎಲ್ಲ ಪಾಡ್‌ಗಳ ಪಟ್ಟಿ ಕೇಳಿದರೆ ಎಪಿಐ ಸರ್ವರ್ 3,000 ದಾಖಲೆ ಕೊಡಬೇಕು. ಅದು ಏನೂ ಅಲ್ಲ. ಈಗ ನೋಡ್ ಸಾವಿರ ಮಾಡು. ಪಾಡ್ 30,000. ಸಾವಿರ ಏಜೆಂಟ್‌ಗಳು ತಲಾ ಮೂವತ್ತು ಸಾವಿರ ಕೇಳಿದರೆ ಎಷ್ಟು?

ತಮ್ಮ: ಮೂರು ಕೋಟಿ.

ಅಕ್ಕ: ನೋಡ್ ನೂರು ಪಟ್ಟು ಹೆಚ್ಚಿತು, ಹೊರೆ ಹತ್ತು ಸಾವಿರ ಪಟ್ಟು ಹೆಚ್ಚಿತು. ಅದಕ್ಕೇ ಸ್ಟೇಜಿಂಗ್‌ನಲ್ಲಿ ಪರೀಕ್ಷೆ ಮಾಡಿದಾಗ ಅವರಿಗೆ ಏನೂ ಕಾಣಲಿಲ್ಲ. ಸಣ್ಣ ಕ್ಲಸ್ಟರ್‌ನಲ್ಲಿ ಆ ತೊಂದರೆ ಹುಟ್ಟೋದೇ ಇಲ್ಲ. ಸ್ಟೇಜಿಂಗ್ ಪಾಸಾಯಿತು ಅನ್ನೋ ಮಾತಿಗೆ ಇಂಥ ಕಡೆ ಅರ್ಥ ಕಡಿಮೆ.

ತಮ್ಮ: ಸರಿ, ಎಪಿಐ ಸರ್ವರ್ ಬಿತ್ತು. ಆದರೆ ಓಡುತ್ತಿರೋ ಪಾಡ್‌ಗಳು ಓಡುತ್ತಲೇ ಇರಬೇಕಲ್ಲ? ಕಂಟ್ರೋಲ್ ಪ್ಲೇನ್ ಬಿದ್ದರೂ ನೋಡ್ ಮೇಲೆ ಪಾಡ್ ನೋಡಿಕೊಳ್ಳೋ ಕೂಬ್ಲೆಟ್ ಅವನ್ನು ನಿಲ್ಲಿಸಲ್ಲ.

ಅಕ್ಕ: ಒಳ್ಳೇ ಪ್ರಶ್ನೆ. ಪಾಡ್‌ಗಳು ಓಡುತ್ತಲೇ ಇದ್ದವು. ಆದರೆ ಒಂದು ಸರ್ವಿಸ್ ಇನ್ನೊಂದನ್ನು ಹುಡುಕಬೇಕಾದರೆ ಕ್ಲಸ್ಟರ್ ಒಳಗಿನ ಡಿಎನ್‌ಎಸ್ ಬೇಕು, ಅವರಲ್ಲಿ ಅದು ಕಂಟ್ರೋಲ್ ಪ್ಲೇನ್ ನಂಬಿಕೊಂಡಿತ್ತು. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ, ನನಗೆ ಆ ವರದಿಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ. ಡಿಎನ್‌ಎಸ್ ಉತ್ತರಗಳು ನೋಡ್‌ಗಳಲ್ಲಿ ಸ್ವಲ್ಪ ಹೊತ್ತು ಕ್ಯಾಶ್ ಆಗಿರುತ್ತವೆ. ಆದ್ದರಿಂದ ಎಪಿಐ ಸರ್ವರ್ ಸತ್ತ ತಕ್ಷಣ ಹೊರಗೆ ಯಾರಿಗೂ ಏನೂ ಗೊತ್ತಾಗಲಿಲ್ಲ, ಹಳೇ ವಿಳಾಸಗಳೇ ಕೆಲಸ ಮಾಡುತ್ತಿದ್ದವು. ಎಲ್ಲ ಚೆನ್ನಾಗಿದೆ ಅಂತ ಹೊಸ ಸರ್ವಿಸ್ ಮುಂದಿನ ಕ್ಲಸ್ಟರ್‌ಗಳಿಗೂ ಇಳಿಯುತ್ತಾ ಹೋಯಿತು. ಕ್ಯಾಶ್ ಅವಧಿ ಮುಗಿಯುತ್ತಾ ಬಂದ ಹಾಗೆ ಒಂದೊಂದಾಗಿ ಬಿದ್ದವು.

ತಮ್ಮ: ತಕ್ಷಣ ವಾಪಸ್ ತೆಗೆದುಬಿಡಬಹುದಿತ್ತು.

ಅಕ್ಕ: ತೆಗೆಯೋ ಆಜ್ಞೆ ಹೋಗಬೇಕಾದದ್ದು ಯಾವ ಬಾಗಿಲಿನಿಂದ? ಅದೇ ಎಪಿಐ ಸರ್ವರ್. ಅದು ಮಾತಾಡೋ ಸ್ಥಿತಿಯಲ್ಲೇ ಇರಲಿಲ್ಲ. ಕೊನೆಗೆ ಮೂರು ಕಡೆಯಿಂದ ಕೈಹಾಕಿದರು. ಕ್ಲಸ್ಟರ್‌ಗಳ ಗಾತ್ರ ಇಳಿಸಿದರು, ಆಡಳಿತದ ಎಪಿಐಗಳಿಗೆ ಹೋಗೋ ನೆಟ್‌ವರ್ಕ್ ದಾರಿ ಮುಚ್ಚಿದರು, ಎಪಿಐ ಸರ್ವರ್‌ಗಳ ಬಲ ಹೆಚ್ಚಿಸಿದರು. ಸ್ವಲ್ಪ ಉಸಿರಾಡೋ ಜಾಗ ಸಿಕ್ಕ ಮೇಲೆ ಆ ಸರ್ವಿಸ್ ಕಿತ್ತುಹಾಕಿದರು.

ತಮ್ಮ: ನಮ್ಮಲ್ಲಿ ನಲವತ್ತೇ ನೋಡ್. ನಮಗೆ ಅಷ್ಟು ಭಯ ಬೇಕಾ?

ಅಕ್ಕ: ನಲವತ್ತಕ್ಕೆ ಕ್ಲಸ್ಟರ್ ಬೀಳಲ್ಲ. ಆದರೆ ನಲವತ್ತು ಇದ್ದಾಗ ಹಾಕಿದ ಕಾನ್ಫಿಗರೇಷನ್ ನಾನೂರು ಆದಾಗಲೂ ಅಲ್ಲೇ ಕೂತಿರುತ್ತೆ, ಆಗ ನೀನು ಆ ಕಂಪನಿಯಲ್ಲಿ ಇರ್ತೀಯೋ ಇಲ್ಲವೋ. ಅದಕ್ಕೆ ಈಗಲೇ ಒಂದು ವಿಷಯ ನೋಡಿಕೋ. ಏಜೆಂಟ್ ಪಾಡ್‌ಗಳ ಪಟ್ಟಿ ಕೇಳುವಾಗ ತನ್ನ ನೋಡ್‌ನವನ್ನು ಮಾತ್ರ ಕೇಳುತ್ತಾ? ನೋಡ್‌ನೇಮ್ ಮೇಲೆ ಫೀಲ್ಡ್ ಸೆಲೆಕ್ಟರ್ ಹಾಕಿದರೆ ಅಷ್ಟನ್ನೇ ಕೇಳಬಹುದು. ಇನ್ನೂ ಒಳ್ಳೆಯದು, ಪಕ್ಕದಲ್ಲೇ ಕೂತಿರೋ ಕೂಬ್ಲೆಟ್‌ನ ಕೇಳೋದು. ಫ್ಲುಯೆಂಟ್ ಬಿಟ್ ಅನ್ನೋ ಲಾಗ್ ಏಜೆಂಟ್‌ನಲ್ಲಿ ಇದಕ್ಕೆ ಅಂತಲೇ ಒಂದು ಆಯ್ಕೆ ಇದೆ, ದೊಡ್ಡ ಕ್ಲಸ್ಟರ್‌ಗಳಲ್ಲಿ ಜನ ಪಡಿಪಾಟಲು ಪಟ್ಟ ಮೇಲೆ ಬಂದದ್ದು. ಇಡೀ ಕ್ಲಸ್ಟರ್‌ಗೆ ಸಂಬಂಧಪಟ್ಟ ವಿಷಯ, ಅಂದರೆ ಡಿಪ್ಲಾಯ್‌ಮೆಂಟ್‌ಗಳ ಸ್ಥಿತಿ, ಕ್ಲಸ್ಟರ್ ಈವೆಂಟ್‌ಗಳು, ಇವನ್ನು ಕೇಳೋ ಕೆಲಸ ಒಂದೇ ಒಂದು ಪಾಡ್‌ಗೆ ವಹಿಸಬೇಕು, ನಲವತ್ತಕ್ಕೂ ಅಲ್ಲ.

ತಮ್ಮ: ಇಳಿಸೋದನ್ನು ಹಂತಹಂತವಾಗಿ ಮಾಡೋಣ ಅಂದರೆ ಡೇಮನ್‌ಸೆಟ್ ಒಪ್ಪಲ್ಲ. ಹೊಸದಾಗಿ ಹಾಕಿದ ಕ್ಷಣವೇ ಎಲ್ಲ ನೋಡ್‌ಗೂ ಹೋಗಿ ಕೂತುಬಿಡುತ್ತೆ.

ಅಕ್ಕ: ಹೌದು, ರೋಲಿಂಗ್ ಅಪ್‌ಡೇಟ್ ಒಂದೊಂದಾಗಿ ಹೋಗೋದು ಎರಡನೇ ಸಲದಿಂದ. ಮೊದಲ ಸಲಕ್ಕೆ ಬ್ರೇಕ್ ನೀನೇ ಹಾಕಬೇಕು. ಡೇಮನ್‌ಸೆಟ್‌ಗೆ ಒಂದು ನೋಡ್ ಸೆಲೆಕ್ಟರ್ ಕೊಡು, ‘ಏಜೆಂಟ್ ಬೇಕು’ ಅನ್ನೋ ಅರ್ಥದ ಒಂದು ಲೇಬಲ್. ಆ ಲೇಬಲ್ ಎರಡೇ ನೋಡ್‌ಗೆ ಅಂಟಿಸು. ಏಜೆಂಟ್ ಅಲ್ಲಿಗೆ ಮಾತ್ರ ಹೋಗುತ್ತೆ. ಒಂದು ಪೂರ್ತಿ ದಿನ ಬಿಡು. ನಿಮ್ಮಲ್ಲಿ ಬುಕಿಂಗ್ ಜಾಸ್ತಿ ಆಗೋದು ಯಾವಾಗ?

ತಮ್ಮ: ಸೋಮವಾರ ಬೆಳಗ್ಗೆ ಎಂಟರಿಂದ ಹತ್ತು.

ಅಕ್ಕ: ಹಾಗಾದರೆ ಆ ಸೋಮವಾರ ಆ ಎರಡು ನೋಡ್‌ಗಳ ಮೇಲೆ ಹಾದುಹೋಗಬೇಕು. ಎಪಿಐ ಸರ್ವರ್‌ಗೆ ಹೋಗೋ ರಿಕ್ವೆಸ್ಟ್ ಎಷ್ಟು ಏರಿತು, ಆ ನೋಡ್‌ಗಳ ಸಿಪಿಯು ಎಷ್ಟು ತಿಂದಿತು, ನೋಡಿ ಬರೆದಿಡು. ಆಮೇಲೆ ಹತ್ತು, ಆಮೇಲೆ ಉಳಿದವು. ಎರಡು ನೋಡ್‌ನ ಅಂಕಿಯಿಂದ ನಲವತ್ತರದ್ದು ಲೆಕ್ಕ ಹಾಕಬಹುದು. ಹಾಕಿದ ಲೆಕ್ಕಕ್ಕಿಂತ ಹತ್ತರಲ್ಲಿ ಜಾಸ್ತಿ ಬಂದರೆ ನಿಲ್ಲಿಸು, ಅಲ್ಲೇ ಏನೋ ಇದೆ.

ತಮ್ಮ: ಅಧಿಕಾರದ ಮಾತು ಅಂದೆಯಲ್ಲ. ಚಾರ್ಟ್‌ನಲ್ಲಿ ಏನು ಬರುತ್ತೋ ಅದನ್ನೇ ಎಲ್ಲರೂ ಹಾಕೋದು. ಅದನ್ನು ಬದಲಾಯಿಸಬಹುದಾ?

ಅಕ್ಕ: ಬದಲಾಯಿಸೋ ಮೊದಲು ಓದಬೇಕು. ಇನ್‌ಸ್ಟಾಲ್ ಬದಲು ಹೆಲ್ಮ್ ಟೆಂಪ್ಲೇಟ್ ಅಂತ ಕೊಡು. ಕ್ಲಸ್ಟರ್ ಮುಟ್ಟದೆ, ಏನು ಹಾಕಲಿದೆಯೋ ಆ ಯಾಮಲ್ ಪೂರ್ತಿ ಕಣ್ಣೆದುರು ಸುರಿಯುತ್ತೆ. ಲ್ಯಾಪ್‌ಟಾಪ್ ತೆಗಿ, ಈಗಲೇ ನೋಡೋಣ.

ತಮ್ಮ: ಬಂತು. ತುಂಬ ಉದ್ದ ಇದೆ.

ಅಕ್ಕ: ಎಲ್ಲ ಓದಬೇಡ. ಕ್ಲಸ್ಟರ್ ರೋಲ್ ಅಂತ ಹುಡುಕು. ಏನೇನಿದೆ?

ತಮ್ಮ: ನೋಡ್ಸ್, ಪಾಡ್ಸ್, ಸರ್ವಿಸಸ್, ಎಂಡ್‌ಪಾಯಿಂಟ್ಸ್, ನೇಮ್‌ಸ್ಪೇಸಸ್. ಮುಂದೆ ಗೆಟ್, ಲಿಸ್ಟ್, ವಾಚ್. ಬರೀ ಓದೋದು, ಬರೆಯೋದು ಇಲ್ಲ. ಕೆಳಗೆ ಸೀಕ್ರೆಟ್ಸ್ ಅಂತಲೂ ಇದೆ, ಲಿಸ್ಟ್ ಮತ್ತು ವಾಚ್ ಮಾತ್ರ. ಗೆಟ್ ಇಲ್ಲ, ಹಾಗಾಗಿ ಒಳಗಿರೋದು ಕಾಣಲ್ಲ, ಹೆಸರು ಮಾತ್ರ ಅಲ್ವಾ?

ಅಕ್ಕ: ಇಲ್ಲಿ ತುಂಬ ಜನ ಎಡವುತ್ತಾರೆ. ಲಿಸ್ಟ್ ಅಂದರೆ ಹೆಸರಿನ ಪಟ್ಟಿ ಮಾತ್ರ ಅಲ್ಲ, ಪ್ರತಿ ಸೀಕ್ರೆಟ್‌ನ ಒಳಗಿರೋದೆಲ್ಲ ಆ ಉತ್ತರದಲ್ಲಿ ಬರುತ್ತೆ. ಡೇಟಾಬೇಸ್ ಪಾಸ್‌ವರ್ಡ್, ಎಸ್‌ಎಂಎಸ್ ಕೀ, ಎಲ್ಲ. ಬೇಸ್64ನಲ್ಲಿ ಇರುತ್ತೆ, ಅದು ಗೂಢಲಿಪಿ ಅಲ್ಲ, ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಬಹುದು. ಕ್ಯೂಬ್-ಸ್ಟೇಟ್-ಮೆಟ್ರಿಕ್ಸ್ ಅನ್ನೋ ಉಪಕರಣದ ಜೊತೆ ಬರೋ ರೋಲ್‌ನಲ್ಲಿ ಈ ಸಾಲು ಇರುತ್ತೆ, ಸೀಕ್ರೆಟ್ ಎಷ್ಟಿವೆ, ಯಾವಾಗ ಹುಟ್ಟಿದವು ಅಂತ ಎಣಿಸೋದಕ್ಕೆ. ಆ ಎಣಿಕೆ ನಿಮಗೆ ಬೇಕಾ?

ತಮ್ಮ: ಯಾರೂ ಕೇಳಿಲ್ಲ.

ಅಕ್ಕ: ತೆಗೆದುಹಾಕು. ಯಾವ ಯಾವ ವಿಷಯ ಬೇಕು ಅಂತ ಅದಕ್ಕೆ ಹೇಳೋ ಆಯ್ಕೆ ಇದೆ, ಅಲ್ಲಿ ಸೀಕ್ರೆಟ್ಸ್ ಬಿಟ್ಟುಬಿಡು, ರೋಲ್‌ನಿಂದಲೂ ಅಳಿಸು. ಇನ್ನೊಂದು ನೋಡು, ನೋಡ್ಸ್-ಪ್ರಾಕ್ಸಿ ಅಂತ ಇದೆಯಾ?

ತಮ್ಮ: ಇದೆ. ನೋಡ್ಸ್-ಮೆಟ್ರಿಕ್ಸ್ ಪಕ್ಕದಲ್ಲೇ.

ಅಕ್ಕ: ಕೂಬ್ಲೆಟ್‌ನಿಂದ ಮೆಟ್ರಿಕ್ಸ್ ಓದೋದಕ್ಕೆ ನೋಡ್ಸ್-ಮೆಟ್ರಿಕ್ಸ್ ಸಾಕು. ಪ್ರಾಕ್ಸಿ ಅನ್ನೋದು ಕೂಬ್ಲೆಟ್‌ನ ಎಪಿಐಗೇ ಬಾಗಿಲು, ಅದರ ಮೂಲಕ ಆ ನೋಡ್‌ನ ಯಾವ ಪಾಡ್ ಒಳಗೆ ಬೇಕಾದರೂ ಕಮಾಂಡ್ ಓಡಿಸೋ ದಾರಿ ಇದೆ. ಯಾಕೆ ಬೇಕು ಅಂತ ಏಜೆಂಟ್ ಮಾರುವವರನ್ನು ಕೇಳು. ಉತ್ತರ ಸರಿ ಇಲ್ಲದಿದ್ದರೆ ಅದನ್ನೂ ತೆಗಿ. ಆಮೇಲೆ ಹೋಸ್ಟ್‌ಪಾತ್ ಮೌಂಟ್‌ಗಳು.

ತಮ್ಮ: ಲಾಗ್ ಫೋಲ್ಡರ್ ಇದೆ. ಪ್ರಾಕ್, ಸಿಸ್ ಎರಡೂ ಇವೆ. ಡಾಕರ್ ಸಾಕೆಟ್ ಅಂತಲೂ ಇದೆ, ಅದು ನಮಗೆ ಅನ್ವಯಿಸಲ್ಲ ಅನ್ನಿಸುತ್ತೆ, ನಮ್ಮದು ಕಂಟೇನರ್‌ಡಿ.

ಅಕ್ಕ: ಹಾಗಾದರೆ ಆ ಚಾರ್ಟ್ ಹಳೆಯದು. 2022ರ ಮೇ ತಿಂಗಳಲ್ಲಿ ಬಂದ 1.24ರಲ್ಲಿ ಕುಬರ್ನೆಟೀಸ್ ಡಾಕರ್‌ಶಿಮ್ ತೆಗೆದುಹಾಕಿತು. ಅಲ್ಲಿಯವರೆಗೆ ಎಷ್ಟೋ ಏಜೆಂಟ್‌ಗಳು ಡಾಕರ್ ಸಾಕೆಟ್ ಹಿಡಿದೇ ಕಂಟೇನರ್‌ಗಳ ವಿಷಯ ತಿಳಿಯುತ್ತಿದ್ದವು. ಅಪ್‌ಗ್ರೇಡ್‌ಗೆ ಮುಂಚೆ ಇಂಥ ಏಜೆಂಟ್‌ಗಳನ್ನು ಹುಡುಕಿ ಸರಿಮಾಡಿಕೊಳ್ಳಿ ಅಂತ ಕುಬರ್ನೆಟೀಸ್ ತಂಡವೇ ಪ್ರತ್ಯೇಕವಾಗಿ ಎಚ್ಚರಿಸಬೇಕಾಯಿತು. ಆ ಸಾಕೆಟ್ ಕೈಗೆ ಸಿಕ್ಕವರಿಗೆ ನೋಡ್‌ನ ರೂಟ್ ಅಧಿಕಾರವೇ ಸಿಕ್ಕ ಹಾಗೆ. ತೆಗಿ. ಉಳಿದ ಮೌಂಟ್‌ಗಳೆಲ್ಲ ರೀಡ್-ಓನ್ಲಿ ಇವೆಯಾ ನೋಡು, ಏಜೆಂಟ್ ಎಲ್ಲಿಯವರೆಗೆ ಓದಿದೆ ಅಂತ ಗುರುತಿಟ್ಟುಕೊಳ್ಳೋ ಒಂದು ಸಣ್ಣ ಫೋಲ್ಡರ್ ಬಿಟ್ಟು.

ತಮ್ಮ: ಹೋಸ್ಟ್‌ಪಾತ್ ಇರೋ ಪಾಡ್‌ಗಳನ್ನು ನಮ್ಮ ನೇಮ್‌ಸ್ಪೇಸ್‌ಗಳಲ್ಲಿ ಬಿಡೋದೇ ಇಲ್ಲ. ಪಾಡ್ ಸೆಕ್ಯುರಿಟಿಯ ಬೇಸ್‌ಲೈನ್ ನಿಯಮ ಹಾಕಿದ್ದೇವೆ.

ಅಕ್ಕ: ಒಳ್ಳೆಯದು, ಅದನ್ನು ಸಡಿಲ ಮಾಡಬೇಡ. ಏಜೆಂಟ್‌ಗೇ ಬೇರೆ ನೇಮ್‌ಸ್ಪೇಸ್ ಮಾಡಿ ಅದೊಂದಕ್ಕೇ ಪ್ರಿವಿಲೆಜ್ಡ್ ಲೇಬಲ್ ಕೊಡು. ಆ ನೇಮ್‌ಸ್ಪೇಸ್‌ನಲ್ಲಿ ಬೇರೆ ಯಾರೂ ಏನನ್ನೂ ಓಡಿಸದ ಹಾಗೆ ಬೀಗ ಹಾಕು.

ತಮ್ಮ: ನಿನ್ನ ಮಾತು ಕೇಳಿದರೆ ಏಜೆಂಟ್ ಮಾಡಿದವರನ್ನೇ ಅನುಮಾನದಿಂದ ನೋಡಬೇಕು ಅನ್ನಿಸುತ್ತೆ.

ಅಕ್ಕ: ಅವರ ಪ್ರಾಮಾಣಿಕತೆ ಬಗ್ಗೆ ನನಗೆ ಅನುಮಾನ ಇಲ್ಲ. ಅವರ ಕೈಯಲ್ಲಿರೋದು ಬೇರೆಯವರ ಕೈಗೆ ಹೋದರೆ ಅನ್ನೋದು ನನ್ನ ಚಿಂತೆ. 2020ರ ಡಿಸೆಂಬರ್‌ನಲ್ಲಿ ಸೋಲಾರ್‌ವಿಂಡ್ಸ್ ವಿಷಯ ಹೊರಬಂತಲ್ಲ, ಅವರ ಓರಿಯನ್ ಏನು? ನೆಟ್‌ವರ್ಕ್ ಮಾನಿಟರಿಂಗ್ ತಂತ್ರಾಂಶ. ಅದರ ಅಪ್‌ಡೇಟ್ ಒಳಗೇ ದಾಳಿಕೋರರು ತಮ್ಮ ಕೋಡ್ ಸೇರಿಸಿದ್ದರು, ಸುಮಾರು 18,000 ಗ್ರಾಹಕರಿಗೆ ಆ ಅಪ್‌ಡೇಟ್ ಹೋಗಿತ್ತು. ಮಾನಿಟರಿಂಗ್ ತಂತ್ರಾಂಶ ಎಲ್ಲ ಕಡೆಯೂ ಇರುತ್ತೆ, ಎಲ್ಲವನ್ನೂ ನೋಡುತ್ತೆ, ಹೊರಗೆ ಮಾತಾಡಿದರೂ ಯಾರೂ ಕೇಳಲ್ಲ. ದಾಳಿಕೋರರಿಗೆ ಇನ್ನೇನು ಬೇಕು? ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಟೀಮ್‌ಟಿಎನ್‌ಟಿ ಅನ್ನೋ ಗುಂಪಿನ ಇನ್ನೊಂದು ತಂತ್ರ ಬೆಳಕಿಗೆ ಬಂತು. ಬೀಗ ಹಾಕದೆ ಬಿಟ್ಟಿದ್ದ ಡಾಕರ್ ಎಪಿಐ ಮೂಲಕ ನುಗ್ಗಿ, ವೀವ್ ಸ್ಕೋಪ್ ಅನ್ನೋ ಸಾಚಾ ಮಾನಿಟರಿಂಗ್ ಉಪಕರಣವನ್ನೇ ತಾವಾಗಿ ಹಾಕಿಕೊಂಡು, ಅದರ ಪರದೆಯಿಂದಲೇ ಎಲ್ಲವನ್ನೂ ನಡೆಸುತ್ತಿದ್ದರು. ಅದಕ್ಕೆ ಅಂತ ಬೇರೆ ವೈರಸ್ ಬರೆಯೋ ಅಗತ್ಯ ಅವರಿಗೆ ಬೀಳಲಿಲ್ಲ.

ತಮ್ಮ: ಹಾಗಾದರೆ ಇಮೇಜ್‌ಗೆ ಲೇಟೆಸ್ಟ್ ಟ್ಯಾಗ್ ಕೊಡೋದು ಬೇಡ.

ಅಕ್ಕ: ಬೇಡವೇ ಬೇಡ. ಡೈಜೆಸ್ಟ್ ಕೊಟ್ಟು ಕಟ್ಟಿಹಾಕು, ನಿಮ್ಮದೇ ರಿಜಿಸ್ಟ್ರಿಗೆ ನಕಲು ಮಾಡಿಟ್ಟುಕೋ. ಹೊರಗೆ ಹೋಗೋ ದಾರಿಯೂ ಒಂದೇ ಇರಲಿ, ಡೇಟಾ ಕಳಿಸೋ ಆ ಒಂದು ವಿಳಾಸಕ್ಕೆ 443ನೇ ಪೋರ್ಟ್. ಕ್ಲಸ್ಟರ್ ಹೊರಗೆ ಬೇರೆ ಎಲ್ಲಿಗೂ ಹೋಗದ ಹಾಗೆ ನೆಟ್‌ವರ್ಕ್ ಪಾಲಿಸಿ ಬರಿ. ಆ ಪಾಲಿಸಿ ನಿಜವಾಗಿ ತಡೆಯುತ್ತಾ ಅಂತ ನೋಡೋದೂ ಮುಖ್ಯ, ಕ್ಲಸ್ಟರ್‌ನ ನೆಟ್‌ವರ್ಕ್ ಪ್ಲಗಿನ್ ಅದನ್ನು ಪಾಲಿಸದಿದ್ದರೆ ಅದು ಬರೀ ಕಾಗದ.

ತಮ್ಮ: ಯಾವ ಏಜೆಂಟ್ ಅಂತ ಇನ್ನೂ ಪೂರ್ತಿ ತೀರ್ಮಾನ ಆಗಿಲ್ಲ ಅಕ್ಕ. ಒಂದು ಕಂಪನಿಯದ್ದು ಬಹಳ ಸುಲಭ ಅಂತಾರೆ. ಪ್ರೊಮೀಥಿಯಸ್ ಸಾಕು ಅಂತ ಇನ್ನೊಬ್ಬರು.

ಅಕ್ಕ: ಪ್ರೊಮೀಥಿಯಸ್ 2012ರಲ್ಲಿ ಬರ್ಲಿನ್‌ನ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಹುಟ್ಟಿದ್ದು. ಗೂಗಲ್ ಒಳಗಿನ ಬೋರ್ಗ್ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಬೋರ್ಗ್‌ಮಾನ್ ಅದಕ್ಕೆ ಪ್ರೇರಣೆ. ಕುಬರ್ನೆಟೀಸ್ ಕೂಡ ಬೋರ್ಗ್‌ನ ಸಂತಾನವೇ ಆದ್ದರಿಂದ ಇಬ್ಬರಿಗೂ ಚೆನ್ನಾಗಿ ಹೊಂದುತ್ತೆ. ಮೆಟ್ರಿಕ್ಸ್ ಅಷ್ಟೇ ಸಾಕಾದರೆ ಅದೇ ಸಾಕು. ಲಾಗ್, ಟ್ರೇಸ್ ಎಲ್ಲ ಬೇಕಾದರೆ ನನ್ನ ಮತ ಓಪನ್‌ಟೆಲಿಮೆಟ್ರಿ ಕಲೆಕ್ಟರ್‌ಗೆ. ಓಪನ್‌ಟ್ರೇಸಿಂಗ್, ಓಪನ್‌ಸೆನ್ಸಸ್ ಅನ್ನೋ ಎರಡು ಯೋಜನೆಗಳು 2019ರಲ್ಲಿ ಒಂದಾಗಿ ಬಂದದ್ದು ಅದು. ನಾಳೆ ಡೇಟಾ ಕಳಿಸೋ ಕಂಪನಿ ಬದಲಾಯಿಸಬೇಕಾದರೆ ಕಳಿಸೋ ವಿಳಾಸ ಮಾತ್ರ ಬದಲಾಗುತ್ತೆ, ನಲವತ್ತು ನೋಡ್ ಮತ್ತೆ ಕೆದಕಬೇಕಾಗಿಲ್ಲ. ಆದರೆ ಉಪಕರಣಕ್ಕಿಂತ ಮೊದಲು ಒಂದು ಕೇಳ್ತೀನಿ. ನಿಮಗೆ ಏನು ತಿಳಿಯಬೇಕು?

ತಮ್ಮ: ಎಲ್ಲ.

ಅಕ್ಕ: ಎಲ್ಲ ಅನ್ನೋದಕ್ಕೆ ಬಿಲ್ ಬರುತ್ತೆ, ಉತ್ತರ ಬರಲ್ಲ. ನಿಮ್ಮನ್ನು ಈಗ ಕಾಡುತ್ತಿರೋ ಒಂದು ತೊಂದರೆ ಹೇಳು.

ತಮ್ಮ: ಸೋಮವಾರ ಬೆಳಗ್ಗೆ ಬುಕಿಂಗ್ ನಿಧಾನ ಆಗುತ್ತೆ. ರೋಗಿಗಳು ಎರಡೆರಡು ಸಲ ಒತ್ತುತ್ತಾರೆ, ಎರಡೆರಡು ಅಪಾಯಿಂಟ್‌ಮೆಂಟ್ ಆಗುತ್ತೆ. ಆದರೆ ಸಿಪಿಯು ನೋಡಿದರೆ ಸರಾಸರಿ ಅರ್ಧವೂ ಬಳಕೆ ಆಗಿರಲ್ಲ.

ಅಕ್ಕ: ಆ ಪಾಡ್‌ಗೆ ಸಿಪಿಯು ಲಿಮಿಟ್ ಎಷ್ಟು?

ತಮ್ಮ: 500 ಮಿಲಿಕೋರ್. ಅರ್ಧ ಕೋರ್.

ಅಕ್ಕ: ಲಿನಕ್ಸ್ ಅದನ್ನು ಹೇಗೆ ಜಾರಿ ಮಾಡುತ್ತೆ ಗೊತ್ತಾ? ಸಮಯವನ್ನು 100 ಮಿಲಿಸೆಕೆಂಡಿನ ತುಂಡು ಮಾಡುತ್ತೆ, ಪ್ರತಿ ತುಂಡಿನಲ್ಲಿ 50 ಮಿಲಿಸೆಕೆಂಡ್ ಸಿಪಿಯು ಕೊಡುತ್ತೆ. ನಿಮ್ಮ ಆ್ಯಪ್‌ನಲ್ಲಿ ನಾಲ್ಕು ಥ್ರೆಡ್ ಒಟ್ಟಿಗೆ ಎದ್ದರೆ ಆ 50 ಹನ್ನೆರಡೂವರೆ ಮಿಲಿಸೆಕೆಂಡಿನಲ್ಲೇ ಖರ್ಚಾಗುತ್ತೆ. ಉಳಿದ ಎಂಬತ್ತೇಳೂವರೆ ಮಿಲಿಸೆಕೆಂಡ್ ಎಲ್ಲರೂ ಕೈಕಟ್ಟಿ ಕೂರಬೇಕು. ಮುಂದಿನ ತುಂಡಿನಲ್ಲಿ ಕೆಲಸ ಇಲ್ಲದಿದ್ದರೆ, ನಿಮಿಷದ ಸರಾಸರಿ ತೆಗೆದಾಗ ಬಳಕೆ ಕಡಿಮೆಯೇ ಕಾಣುತ್ತೆ. ಕಾಯುತ್ತಿರೋ ರೋಗಿಗೆ ಮಾತ್ರ ನಿಧಾನ. ನಿಮಗೆ ಬೇಕಾದ್ದು ಸಿಪಿಯು ಬಳಕೆಯ ಗ್ರಾಫ್ ಅಲ್ಲ, ಎಷ್ಟು ತುಂಡುಗಳಲ್ಲಿ ಥ್ರಾಟಲ್ ಆಯಿತು ಅನ್ನೋ ಎಣಿಕೆ. ಕೂಬ್ಲೆಟ್ ಒಳಗೇ ಇರೋ ಸಿ-ಅಡ್ವೈಸರ್ ಅದನ್ನು ಎಣಿಸಿಟ್ಟಿರುತ್ತೆ, ಏಜೆಂಟ್ ಅದನ್ನು ತಂದುಕೊಡಬೇಕು ಅಷ್ಟೇ.

ತಮ್ಮ: ಇದು ಗೊತ್ತಿರಲಿಲ್ಲ. ಯಾವ ರೋಗಿಗೆ ನಿಧಾನ ಆಯಿತು ಅನ್ನೋದೂ ಬೇಕು ಅಂತ ಮ್ಯಾನೇಜರ್ ಹೇಳಿದ್ದಾರೆ, ಮೆಟ್ರಿಕ್‌ಗೆ ರೋಗಿಯ ಐಡಿಯನ್ನೇ ಲೇಬಲ್ ಆಗಿ ಸೇರಿಸು ಅಂತ.

ಅಕ್ಕ: ಅದನ್ನು ಮಾತ್ರ ಮಾಡಬೇಡ ಕಣೋ. ಲೆಕ್ಕ ಹಾಕು. ಇಪ್ಪತ್ತು ಪುಟ, ಐದು ಬಗೆಯ ಸ್ಟೇಟಸ್, ನಲವತ್ತು ಪಾಡ್. ಗುಣಿಸಿದರೆ ಹೆಚ್ಚೆಂದರೆ 4,000 ಸರಣಿ. ಒಂದು ಲಕ್ಷ ರೋಗಿಗಳ ಐಡಿ ಸೇರಿಸಿದರೆ ಅದರ ಮೇಲ್ಮಿತಿ ನಲವತ್ತು ಕೋಟಿಗೆ ಹೋಗುತ್ತೆ. ಅದರ ನೂರನೇ ಒಂದು ಭಾಗ ಬಂದರೂ ಪ್ರೊಮೀಥಿಯಸ್ ಮೆಮೊರಿ ಸಾಲದೆ ಸಾಯಬಹುದು. ಒಬ್ಬೊಬ್ಬರ ಕಥೆ ಬೇಕಾದರೆ ಟ್ರೇಸ್ ಇದೆ, ಅಲ್ಲೂ ರೋಗಿಯ ಐಡಿ ಬದಲು ರಿಕ್ವೆಸ್ಟ್ ಐಡಿ ಸಾಕು.

ತಮ್ಮ: ಲಾಗ್‌ನಲ್ಲಿ ಅಂತೂ ರೋಗಿಯ ಹೆಸರು, ಫೋನ್ ನಂಬರ್ ಎಲ್ಲ ಇದೆ.

ಅಕ್ಕ: ನಾನು ಅದಕ್ಕೇ ಬರುತ್ತಿದ್ದೆ. ಒಂದು ಲಾಗ್ ಸಾಲು ತೆಗೆದು ತೋರಿಸು. ನೋಡು, ಮೊದಲು ಸಮಯ, ಆಮೇಲೆ ಎಸ್‌ಟಿಡಿಔಟ್, ಆಮೇಲೆ ಒಂಟಿ ಅಕ್ಷರ ಎಫ್, ಅದಾದ ಮೇಲೆ ನಿಮ್ಮ ಆ್ಯಪ್ ಬರೆದದ್ದು. ಎಫ್ ಅಂದರೆ ಸಾಲು ಪೂರ್ತಿ ಇದೆ. ಪಿ ಅಂತ ಇದ್ದರೆ ತುಂಡಾಗಿದೆ, ಮುಂದಿನ ಸಾಲಿನ ಜೊತೆ ಸೇರಿಸಿಕೋ ಅಂತ ಅರ್ಥ. ಕಂಟೇನರ್‌ಡಿ ಸಾಮಾನ್ಯವಾಗಿ 16 ಕೆಬಿಗೆ ತುಂಡು ಮಾಡುತ್ತೆ. ನೀವು ರೋಗಿಗಳಿಗೆ ಕಳಿಸೋ ಕನ್ನಡ ಎಸ್‌ಎಂಎಸ್‌ಗಳನ್ನು ಗುಂಪಾಗಿ ಲಾಗ್‌ಗೆ ಬರೆಯುತ್ತೀರಲ್ಲ? ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ತುಂಡು ಬೈಟ್ ಲೆಕ್ಕದಲ್ಲಿ ಆಗುತ್ತೆ, ಹಾಗಾಗಿ ಅಕ್ಷರದ ನಡುವೆಯೇ ಕತ್ತರಿ ಬೀಳಬಹುದು. ಏಜೆಂಟ್ ಎರಡು ತುಂಡು ಸರಿಯಾಗಿ ಜೋಡಿಸದಿದ್ದರೆ ಕನ್ನಡದ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳು ಸಿಗುತ್ತವೆ. ಉದ್ದದ ಒಂದು ಕನ್ನಡ ಸಾಲು ಬರೆದು ಪರೀಕ್ಷೆ ಮಾಡು.

ತಮ್ಮ: ಮಾಡ್ತೀನಿ. ಫೋನ್ ನಂಬರ್ ವಿಷಯ?

ಅಕ್ಕ: ಅದು ನೋಡ್ ಬಿಟ್ಟು ಹೊರಡೋ ಮೊದಲೇ ಅಳಿಯಬೇಕು, ಏಜೆಂಟ್‌ನ ಪ್ರಾಸೆಸರ್‌ನಲ್ಲಿ. ಹೊರಗಿನ ಸರ್ವರ್ ತಲುಪಿದ ಮೇಲೆ ಅಳಿಸೋದು ತಡವಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರೋ ದೇಶದಲ್ಲಿ, ರೋಗಿ ತನ್ನ ಕಾಯಿಲೆ ನಂಬಿ ಹೇಳಿದ ಆ್ಯಪ್‌ನ ಲಾಗ್ ಯಾವುದೋ ದೇಶದ ಡಿಸ್ಕಿನಲ್ಲಿ ಬಿದ್ದಿರಬಾರದು. ಕಾಯ್ದೆ ಇಲ್ಲದಿದ್ದರೂ ಇರಬಾರದು. ಆ ಲಾಗ್‌ನಲ್ಲಿ ಚರ್ಮರೋಗ ತಜ್ಞರ ಹೆಸರಿರುತ್ತೆ, ಮನೋವೈದ್ಯರ ಹೆಸರಿರುತ್ತೆ, ಪಕ್ಕದಲ್ಲಿ ಒಬ್ಬರ ಫೋನ್ ನಂಬರ್.

ತಮ್ಮ: ಹಾಗಂತ ಲಾಗ್ ಇಡದೇ ಇರೋದಕ್ಕೂ ಆಗಲ್ಲ.

ಅಕ್ಕ: ಆಗಲ್ಲ. ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ 180 ದಿನದ ಲಾಗ್ ಇಡಬೇಕು ಅಂತ ಹೇಳಿದೆ, ಗಡಿಯಾರಗಳನ್ನು ಎನ್‌ಟಿಪಿಗೆ ಹೊಂದಿಸಬೇಕು ಅಂತಲೂ ಹೇಳಿದೆ. ನೋಡ್ ಮೇಲೆ ನಿಮ್ಮ ಲಾಗ್ ಎಷ್ಟು ದಿನ ಇರುತ್ತೆ? ಕೂಬ್ಲೆಟ್ ಸ್ವಂತ ಮರ್ಜಿಗೆ ಬಿಟ್ಟರೆ ಒಂದು ಕಂಟೇನರ್‌ಗೆ 10 ಎಂಬಿಯ ಐದು ಫೈಲ್. ಗಲಾಟೆ ಮಾಡೋ ಪಾಡ್ ಅದನ್ನು ಬೇಗ ತುಂಬಿಸಿ ಹಳೆಯದನ್ನು ಅಳಿಸುತ್ತೆ. ಪಾಡ್ ಅಳಿಸಿದರೆ ಫೈಲೂ ಹೋಯಿತು. ಏಜೆಂಟ್ ಸತ್ತು ಬಿದ್ದಿರೋ ಹೊತ್ತಿನಲ್ಲಿ ಇದು ನಡೆದರೆ ಆ ಲಾಗ್ ಮತ್ತೆ ಸಿಗಲ್ಲ.

ತಮ್ಮ: ಏಜೆಂಟ್ ಯಾಕೆ ಸಾಯುತ್ತೆ?

ಅಕ್ಕ: ಬಹಳ ಸಲ ಮೆಮೊರಿ ಲಿಮಿಟ್ ಮೀರಿ. 137 ಅಂತ ಎಕ್ಸಿಟ್ ಕೋಡ್ ಕಂಡರೆ ಅದೇನಾ ಅಂತ ಮೊದಲು ನೋಡು. ಲಿಮಿಟ್ ಎಷ್ಟು ಅಂತ ಆ ಎರಡು ನೋಡ್‌ನ ಸೋಮವಾರದ ಅಂಕಿ ಹೇಳುತ್ತೆ. ಸಿಪಿಯು 100 ಮಿಲಿಕೋರ್ ಕೇಳಿದರೆ ನಲವತ್ತಕ್ಕೆ ನಾಲ್ಕು ಕೋರ್ ಆಯಿತು, ಅದನ್ನು ಖರ್ಚಿನಲ್ಲಿ ಬರೆ. ಪ್ರಿಯಾರಿಟಿ ಕ್ಲಾಸ್ ಕೊಡು, ನೋಡ್ ತುಂಬಿದಾಗ ಮೊದಲು ಹೊರಹಾಕೋದು ಇದನ್ನೇ ಆಗಬಾರದು. ಟೇಂಟ್ ಹಾಕಿರೋ ನೋಡ್‌ಗಳಿಗೆ ಟಾಲರೇಷನ್ ಕೊಡದಿದ್ದರೆ ಅಲ್ಲಿ ಏಜೆಂಟ್ ಇರಲ್ಲ, ಯಾರಿಗೂ ಗೊತ್ತೂ ಆಗಲ್ಲ.

ತಮ್ಮ: ಅದು ಸತ್ತಿದೆ ಅಂತ ತಿಳಿಯೋದು ಹೇಗೆ? ಗ್ರಾಫ್ ಖಾಲಿ ಇರುತ್ತೆ, ಅಲರ್ಟ್ ಬರಲ್ಲ, ಎಲ್ಲ ಶಾಂತ ಅಂತ ಅಂದುಕೊಳ್ತೀವಿ.

ಅಕ್ಕ: ಕ್ಯೂಬ್-ಪ್ರೊಮೀಥಿಯಸ್ ಜೊತೆ ವಾಚ್‌ಡಾಗ್ ಅನ್ನೋ ಅಲರ್ಟ್ ಬರುತ್ತೆ. ಅದು ಯಾವಾಗಲೂ ಕೂಗುತ್ತಲೇ ಇರುತ್ತೆ, ಅದೇ ಅದರ ಕೆಲಸ. ಆ ಕೂಗನ್ನು ಕ್ಲಸ್ಟರ್‌ನಿಂದ ಹೊರಗಿರೋ ಒಂದು ಸೇವೆಗೆ ಕಳಿಸು, ಕೂಗು ನಿಂತರೆ ನನ್ನನ್ನು ಎಬ್ಬಿಸು ಅಂತ ಅದಕ್ಕೆ ಹೇಳು. ಹೊರಗಿರಬೇಕು ಅನ್ನೋದು ಮುಖ್ಯ. 2021ರ ಅಕ್ಟೋಬರ್‌ನಲ್ಲಿ ರೋಬ್ಲಾಕ್ಸ್ 73 ಗಂಟೆ ಬಿದ್ದಿತ್ತು. ಅವರದ್ದು ಕುಬರ್ನೆಟೀಸ್ ಅಲ್ಲ, ಕಾನ್ಸುಲ್ ಮತ್ತು ನೋಮ್ಯಾಡ್. ಕೆಟ್ಟದ್ದು ಕಾನ್ಸುಲ್, ಅವರ ಮುಖ್ಯ ಮಾನಿಟರಿಂಗ್ ವ್ಯವಸ್ಥೆ ನಿಂತಿದ್ದೂ ಅದರ ಮೇಲೆಯೇ. ಹುಡುಕಾಟ ಅಷ್ಟು ಉದ್ದ ಆಗೋದಕ್ಕೆ ಅದೂ ಒಂದು ಕಾರಣ ಅಂತ ಅವರೇ ಬರೆದಿದ್ದಾರೆ.

ತಮ್ಮ: ಶುಕ್ರವಾರಕ್ಕೆ ಇದೆಲ್ಲ ಆಗಲ್ಲ ಅಕ್ಕ.

ಅಕ್ಕ: ಆಗಬೇಕಾಗಿಲ್ಲ. ಸ್ಟೇಜಿಂಗ್‌ನಲ್ಲಿ ಹಾಕಿದ್ದೇನೆ, ಪ್ರೊಡಕ್ಷನ್‌ನ ಎರಡು ನೋಡ್‌ನಲ್ಲಿ ಹಾಕಿದ್ದೇನೆ, ಸೋಮವಾರದ ಅಂಕಿ ನೋಡಿ ಮುಂದಕ್ಕೆ ಹೋಗ್ತೀನಿ ಅಂತ ಹೇಳು. ಕಾರಣ ಕೇಳಿದರೆ ಡಿಸೆಂಬರ್ 11ರ ವರದಿ ಮುಂದಿಡು. ಅದರ ಜೊತೆ ಇನ್ನೊಂದು ಕಾಗದ ಬೇಕು, ತೆಗೆಯೋದು ಹೇಗೆ ಅಂತ.

ತಮ್ಮ: ಹೆಲ್ಮ್ ಅನ್‌ಇನ್‌ಸ್ಟಾಲ್.

ಅಕ್ಕ: ಅದು ಹಾಕಿದ ಎಲ್ಲವನ್ನೂ ತೆಗೆಯಲ್ಲ. ಚಾರ್ಟ್‌ನ ಸಿಆರ್‌ಡಿ ಫೋಲ್ಡರ್‌ನಿಂದ ಬಂದ ಸಿಆರ್‌ಡಿಗಳು ಉಳಿಯುತ್ತವೆ, ನೋಡ್ ಮೇಲಿನ ಗುರುತಿನ ಫೋಲ್ಡರ್ ಉಳಿಯುತ್ತೆ, ಹೊರಗಿನ ಸರ್ವರ್‌ನ ಕೀ ಜೀವಂತ ಇರುತ್ತೆ. ಅದನ್ನು ಕೈಯಾರೆ ರದ್ದು ಮಾಡಬೇಕು. ಸ್ಟೇಜಿಂಗ್‌ನಲ್ಲಿ ಒಮ್ಮೆ ಹಾಕಿ, ಪೂರ್ತಿ ತೆಗೆದು, ಮತ್ತೆ ಹಾಕಿ ನೋಡು. ಆಮೇಲೆ, ಎಪಿಐ ಸರ್ವರ್ ಮಾತಾಡದಿದ್ದರೆ ಹೆಲ್ಮ್ ಏನೂ ಮಾಡಲಾರದು. ನೋಡ್‌ಗೆ ಲಾಗಿನ್ ಆಗಿ ಕಂಟೇನರ್ ನಿಲ್ಲಿಸಿದರೆ ಕೂಬ್ಲೆಟ್ ಮತ್ತೆ ಎಬ್ಬಿಸುತ್ತೆ. ಆಗ ಉಳಿಯೋ ದಾರಿ, ನೋಡ್‌ಗಳಿಂದ ಎಪಿಐ ಸರ್ವರ್‌ಗೆ ಹೋಗೋ ಸಂಚಾರವನ್ನು ಫೈರ್‌ವಾಲ್‌ನಲ್ಲಿ ಸ್ವಲ್ಪ ಹೊತ್ತು ಕತ್ತರಿಸಿ, ನಿನ್ನ ಒಂದು ಯಂತ್ರಕ್ಕೆ ಮಾತ್ರ ಬಿಟ್ಟು, ಆ ಸಂದಿಯಲ್ಲಿ ಡೇಮನ್‌ಸೆಟ್ ಅಳಿಸೋದು. ಆ ರೂಲ್ ಮೊದಲೇ ಬರೆದು, ಆಫ್ ಮಾಡಿ ಇಟ್ಟಿರಬೇಕು. ನಿಮ್ಮಲ್ಲಿ ಅದನ್ನು ಆನ್ ಮಾಡೋ ಅಧಿಕಾರ ಯಾರ ಹತ್ತಿರ ಇದೆ?

ತಮ್ಮ: ನೆಟ್‌ವರ್ಕ್ ಟೀಮಿನ ಹತ್ತಿರ. ಸಂಜೆ ಆರರ ಮೇಲೆ ಅವರು ಸಿಗಲ್ಲ.

ಅಕ್ಕ: ಹಾಗಾದರೆ ಆ ಎರಡು ನೋಡ್‌ಗೆ ಬೆಳಗ್ಗೆ ಹನ್ನೊಂದಕ್ಕೆ ಹಾಕು. ಹಾಕುವಾಗ ಅವರಲ್ಲಿ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೋ.